ಬೆಳ್ಳಗೆ ಮಾಡೋ ಹನಿ, ಒದ್ದೆ ಮಾಡೋ ಹನಿ

(ನಮ್ಮ ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು ಇವು. ಅಲ್ಲಿ ಮರೆತುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ಕಣ್ಣಿನ ಡಾಕ್ಟರ್ ಅಲ್ಲ, ಮೆಡಿಕಲ್ ಶಾಪ್‌ನವನು. 26 ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. "ಕಣ್ಣಿನ ಬಗ್ಗೆ ಸ್ವಲ್ಪ ಮಾತಾಡಿ" ಅಂತ ಬಳಗದವರು ಫೋನ್ ಮಾಡಿದಾಗ, "ಕಣ್ಣಿನ ಬಗ್ಗೆ ಬೇಕಾದರೆ ಡಾಕ್ಟರನ್ನು ಕರೆಯಿರಿ, ನಾನು ಬಾಟಲಿಯ ಬಗ್ಗೆ ಮಾತಾಡುತ್ತೇನೆ" ಅಂದೆ. ಒಪ್ಪಿಕೊಂಡರು. ಕಾಫಿ ಬೇರೆ ಕೊಟ್ಟಿದ್ದಾರೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಮ್ಮ ಅಂಗಡಿಯಲ್ಲಿ ದಿನಾ ಕೇಳುವ ಮಾತೊಂದಿದೆ. "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ." ಯಾವ ಡ್ರಾಪ್ಸ್ ಅಂತ ಯಾರೂ ಹೇಳುವುದಿಲ್ಲ. ಕಣ್ಣಿಗೆ ಹಾಕುವ ಹನಿಯೆಲ್ಲ ಒಂದೇ ಅನ್ನುವ ನಂಬಿಕೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಕಣ್ಣಿನ ಬಾಟಲಿಗಳದ್ದೇ ಎರಡು ಸಾಲು ಇವೆ. ನೋಡಿದರೆ ಎಲ್ಲ ಅವಳಿಜವಳಿ. ಒಳಗಿರುವುದಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ.

ಒಂದು ತಪ್ಪೊಪ್ಪಿಗೆಯಿಂದ ಶುರುಮಾಡುತ್ತೇನೆ. ನಮ್ಮ ಅಂಗಡಿಯ ಎದುರಿಗೆ ಒಬ್ಬ ಟೈಲರ್ ಇದ್ದರು. ಟ್ಯೂಬ್‌ಲೈಟ್ ಕೆಳಗೆ ಕೂತು ಬೆಳಗ್ಗಿನಿಂದ ರಾತ್ರಿಯವರೆಗೂ ಹೊಲಿಗೆ. ಸಂಜೆ ಹೊತ್ತಿಗೆ ಕಣ್ಣು ಕೆಂಪು. ಒಂದು ದಿನ ಬಂದು ಡ್ರಾಪ್ಸ್ ಕೇಳಿದರು. ನಾನು ಒಂದು ಬಾಟಲಿ ಕೊಟ್ಟೆ. ಹತ್ತೇ ನಿಮಿಷಕ್ಕೆ ಕಣ್ಣು ಹಾಲಿನ ಹಾಗೆ ಬೆಳ್ಳಗಾಯಿತು. "ನಿಮ್ಮ ಕೈಗುಣ ಚೆನ್ನಾಗಿದೆ" ಅಂದರು. ನನಗೂ ಖುಷಿ. ಆಮೇಲೆ ತಿಂಗಳಿಗೊಂದು ಬಾಟಲಿ ಹೋಗುತ್ತಿದ್ದದ್ದು ಹದಿನೈದು ದಿನಕ್ಕೊಂದಾಯಿತು. ಮುಂದೆ ವಾರಕ್ಕೊಂದು. ಖಾಲಿಯಾದೀತು ಅಂತ ಅವರಿಗಾಗಿ ಎರಡು ಬಾಟಲಿ ಬೇರೆ ತೆಗೆದಿಡುತ್ತಿದ್ದೆ. ಹೀಗೇ ಎರಡು ವರ್ಷ. ಕೊನೆಗೆ ಡ್ರಾಪ್ಸ್ ಹಾಕದಿದ್ದರೆ ಬೆಳಗ್ಗೆ ಎದ್ದಾಗಲೇ ಕಣ್ಣು ಕೆಂಡದಂತೆ ಇರುತ್ತಿತ್ತು. ಅವರ ಮಗಳು ಹಟ ಮಾಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಬಾಟಲಿ ನೋಡಿ, "ಕಣ್ಣು ಕೆಂಪಾಗಿರುವುದೇ ಇದರಿಂದ" ಅಂದರಂತೆ.

ಆ ಬಾಟಲಿಯಲ್ಲಿ ಇದ್ದದ್ದು ನಾಫಜೋಲಿನ್.

ಇದು ಹೇಗೆ ಕೆಲಸ ಮಾಡುತ್ತದೆ ಗೊತ್ತಾ? ಕಣ್ಣಿನ ಬಿಳಿಭಾಗದ ಮೇಲೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಕಣ್ಣಿಗೆ ಏನಾದರೂ ಕಿರಿಕಿರಿಯಾದರೆ ಅವು ಹಿಗ್ಗುತ್ತವೆ, ರಕ್ತ ಜಾಸ್ತಿ ಹರಿಯುತ್ತದೆ, ನಮಗೆ ಕೆಂಪಾಗಿ ಕಾಣುತ್ತದೆ. ನಾಫಜೋಲಿನ್ ಈ ನಾಳಗಳನ್ನು ಹಿಂಡಿದ ಹಾಗೆ ಕಿರಿದಾಗಿಸುತ್ತದೆ. ಕೆಂಪು ಹೋಯಿತು. ಆದರೆ ಕಿರಿಕಿರಿಯ ಕಾರಣ ಅಲ್ಲೇ ಇದೆ. ನಾಲ್ಕಾರು ಗಂಟೆಯಲ್ಲಿ ಔಷಧಿಯ ಜೋರು ಇಳಿದಾಗ ನಾಳಗಳು ಮತ್ತೆ ಹಿಗ್ಗುತ್ತವೆ. ದಿನಾ ಹಾಕುತ್ತಾ ಹೋದರೆ ಮೊದಲಿಗಿಂತ ಹೆಚ್ಚೇ ಹಿಗ್ಗುತ್ತವೆ. ಮತ್ತೆ ಹಾಕು, ಮತ್ತೆ ಕೆಂಪು. ಮೂಗು ಕಟ್ಟಿದಾಗ ಹಾಕುವ ಡ್ರಾಪ್ಸ್ ಅಭ್ಯಾಸ ಆದವರನ್ನು ನೀವು ನೋಡಿರಬಹುದು, ಅದಿಲ್ಲದೆ ರಾತ್ರಿ ನಿದ್ದೆ ಬರುವುದಿಲ್ಲ. ಅದರಲ್ಲಿರುವ ಜೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಲ್ಲ ಇದೇ ಮನೆತನದವು. ಕಣ್ಣಿನ ಡ್ರಾಪ್ಸ್‌ನಲ್ಲಿ ಟೆಟ್ರಾಹೈಡ್ರೋಜೋಲಿನ್ ಅಂತಲೂ ಇರುತ್ತದೆ. ಹೆಸರಿನ ಕೊನೆಗೆ 'ಜೋಲಿನ್' ಕಂಡರೆ ಅದು ಕಣ್ಣನ್ನು ಬೆಳ್ಳಗೆ ಮಾಡುವ ಹನಿ. ಫಿನೈಲೆಫ್ರಿನ್‌ಗೆ ಈ ಬಾಲ ಇಲ್ಲ, ಕೆಲಸ ಮಾತ್ರ ಅದೇ.

ಮದುವೆ ಮನೆಯಲ್ಲಿ ಫೋಟೋಕ್ಕೆ ನಿಲ್ಲಬೇಕು, ರಾತ್ರಿ ನಿದ್ದೆಗೆಟ್ಟಿದೆ, ಒಂದು ದಿನ ಹಾಕಿದರೆ ಆಕಾಶ ಬೀಳುವುದಿಲ್ಲ. ಆದರೆ ಒಣಗಿದ ಕಣ್ಣಿಗೆ ಅದು ಔಷಧಿಯೇ ಅಲ್ಲ. ಕೆಲವರಿಗಂತೂ ಅಪಾಯ. ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಯ ನರ ಕೆಡುವ ರೋಗ. ಅದರಲ್ಲಿ ಒಂದು ಬಗೆ ಇದೆ, ಕಣ್ಣಿನೊಳಗಿನ ನೀರು ಹೊರಹೋಗುವ ಮೂಲೆ ಕಿರಿದಾಗಿರುತ್ತದೆ. ಅಂಥವರು ಇದನ್ನು ಮುಟ್ಟಬಾರದು. ಬಿಪಿ, ಹೃದಯದ ತೊಂದರೆ ಇರುವವರು ಕೇಳಿಯೇ ಹಾಕಬೇಕು. ಮೊಮ್ಮಕ್ಕಳಿರುವ ಮನೆಯವರು ಇನ್ನೊಂದು ಮಾತು ಕೇಳಿಸಿಕೊಳ್ಳಿ. ಈ ಜೋಲಿನ್ ಡ್ರಾಪ್ಸ್ ಪುಟ್ಟ ಮಗು 1-2 ಎಂ.ಎಲ್. ಕುಡಿದರೂ ಸಾಕು, ಮಂಪರು ಬಂದು, ಹೃದಯ ಬಡಿತ ನಿಧಾನವಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಬಾಟಲಿ ಟಿವಿ ಸ್ಟ್ಯಾಂಡ್ ಮೇಲೆ ಬೇಡ.

ಆ ಟೈಲರ್ ಕಣ್ಣಿಗೆ ನಿಜವಾಗಿ ಆಗಿದ್ದೇನು? ಒಣಗಿತ್ತು, ಅಷ್ಟೇ. ಹೊಲಿಗೆಯ ಮೇಲೆ ದೃಷ್ಟಿ ನೆಟ್ಟವರು ರೆಪ್ಪೆ ಮಿಟುಕಿಸುವುದನ್ನೇ ಮರೆಯುತ್ತಾರೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15 ಸಲ ಮಿಟುಕಿಸುತ್ತೇವೆ. ಮೊಬೈಲ್, ಕಂಪ್ಯೂಟರ್, ಸೂಜಿಯ ಕೆಲಸ, ಯಾವುದೇ ಇರಲಿ, ಇದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಮಿಟುಕಿಸುವುದು ಅಂದರೆ ಮನೆ ಒರೆಸಿದ ಹಾಗೆ. ಒಂದೊಂದು ಸಲವೂ ಹೊಸ ಕಣ್ಣೀರಿನ ಪದರ ಹರಡುತ್ತದೆ.

ಈ ಕಣ್ಣೀರು ಬರೀ ಉಪ್ಪುನೀರಲ್ಲ. ಕಣ್ಣಿಗೆ ಅಂಟಿಕೊಳ್ಳಲು ಲೋಳೆ, ಅದರ ಜೊತೆ ನೀರು, ಮೇಲೆ ಆರದಂತೆ ತೆಳ್ಳಗೆ ಎಣ್ಣೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ಲ, ಹಾಗೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳಿಂದ. ವಯಸ್ಸಾದ ಹಾಗೆ ಅವು ಕಟ್ಟಿಕೊಳ್ಳುತ್ತವೆ. ಎಣ್ಣೆ ಇಲ್ಲದ ಕಣ್ಣೀರು ಫ್ಯಾನ್ ಗಾಳಿಗೆ ಬೇಗ ಆರಿಹೋಗುತ್ತದೆ. ಎಷ್ಟೋ ಜನ ಕೇಳುತ್ತಾರೆ, "ನನ್ನ ಕಣ್ಣಲ್ಲಿ ಸದಾ ನೀರು ಸುರಿಯುತ್ತೆ, ನೀವು ಒಣಗಿದೆ ಅಂತೀರಲ್ಲ?" ಕಣ್ಣು ಒಣಗಿ ಚುಚ್ಚಿದಾಗ ಗಾಬರಿಯಿಂದ ಒಮ್ಮೆಲೇ ನೀರು ಸುರಿಸುತ್ತದೆ. ಬಂದಷ್ಟೇ ಬೇಗ ಅದು ಕೆನ್ನೆ ಮೇಲೆ ಇಳಿದುಹೋಗುತ್ತದೆ. ಬರಗಾಲದಲ್ಲಿ ಅರ್ಧ ಗಂಟೆ ಬಿರುಮಳೆ ಬಿದ್ದು ಹಳ್ಳ ಸೇರಿದ ಹಾಗೆ, ಹೊಲಕ್ಕೆ ಏನೂ ಇಲ್ಲ.

ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಸಂಧಿವಾತ, ಥೈರಾಯ್ಡ್ ಇರುವವರಿಗೂ ಬರುತ್ತದೆ. ಪೊರೆ ಆಪರೇಷನ್ ಆದ ಮೇಲೆ ಕೆಲವು ತಿಂಗಳು ಇರಬಹುದು. ನಾವು ನುಂಗುವ ಮಾತ್ರೆಗಳೂ ಕಾರಣ: ನೆಗಡಿ, ಅಲರ್ಜಿಗೆ ಕೊಡುವ ನಿದ್ದೆ ಬರಿಸುವ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್. ಡಾಕ್ಟರ ಹತ್ತಿರ ಹೋದಾಗ ನುಂಗುವ ಮಾತ್ರೆಗಳ ಚೀಟಿಯನ್ನೂ ತೋರಿಸಿ.

ಹಾಗಾದರೆ ಒದ್ದೆ ಮಾಡುವ ಹನಿ ಯಾವುದು? ಕೃತಕ ಕಣ್ಣೀರು ಅಂತಾರೆ. ಡಬ್ಬದ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಅದನ್ನು ಬಿಟ್ಟುಬಿಡಿ. ಕೆಳಗೆ ಇರುವೆ ಸಾಲಿನಂತೆ ಬರೆದಿರುತ್ತಾರಲ್ಲ, ಅದನ್ನು ಓದಬೇಕು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಇದ್ದರೆ ಅದು ಕೃತಕ ಕಣ್ಣೀರು. ಉದ್ದದ ಹೆಸರು, ನಾವು ಸಿಎಂಸಿ ಅಂತೀವಿ. 0.5 ಪರ್ಸೆಂಟ್ ತೆಳ್ಳಗೆ, 1 ಪರ್ಸೆಂಟ್ ಸ್ವಲ್ಪ ದಪ್ಪ. ಹೈಪ್ರೊಮೆಲೋಸ್, ಸೋಡಿಯಂ ಹಯಲುರೊನೇಟ್, ಪಾಲಿಎಥಿಲೀನ್ ಗ್ಲೈಕಾಲ್, ಇವೂ ಆ ಗುಂಪಿನವೇ. ಯಾವುದು ಎಲ್ಲಕ್ಕಿಂತ ಶ್ರೇಷ್ಠ ಅಂತ ಕೇಳಬೇಡಿ. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಉರಿಯುತ್ತದೆ. ಸಿಎಂಸಿ ಸಾಕಾಗುವವರಿಗೆ ಮೂರುಪಟ್ಟು ಬೆಲೆಯ ಬಾಟಲಿ ಬೇಕಿಲ್ಲ. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ವ್ಯಾಪಾರಿಯಾಗಿ ಈ ಮಾತು ಹೇಳಬಾರದಿತ್ತು, ಆದರೂ ಹೇಳಿದೆ. ರಾತ್ರಿ ಮಲಗುವಾಗ ದಪ್ಪ ಜೆಲ್ ಒಳ್ಳೆಯದು, ಹೆಚ್ಚು ಹೊತ್ತು ನಿಲ್ಲುತ್ತದೆ. ಹಗಲು ಹಾಕಿದರೆ ಕಣ್ಣು ಮಂಜಾಗಿ ಮೆಟ್ಟಿಲು ತಪ್ಪೀತು.

ಇಲ್ಲಿ ಒಂದು ತೊಡಕಿದೆ. ಬಾಟಲಿ ತೆರೆದ ಮೇಲೆ ರೋಗಾಣು ಸೇರಬಾರದು ಅಂತ ಒಳಗೆ ಕೆಡದಂತೆ ಕಾಯುವ ಒಂದು ರಾಸಾಯನಿಕ ಹಾಕುತ್ತಾರೆ, ಅದೇ ಪ್ರಿಸರ್ವೇಟಿವ್. ಹೆಚ್ಚಾಗಿ ಬೆಂಜಾಲ್ಕೋನಿಯಂ ಕ್ಲೋರೈಡ್. ಅದು ಸೋಪಿನ ಜಾತಿಯದ್ದು. ರೋಗಾಣುವಿನ ಜೊತೆ ಕಣ್ಣಿನ ಮೇಲ್ಪದರವನ್ನೂ, ಆ ಎಣ್ಣೆಯ ಪದರವನ್ನೂ ಕೆರಳಿಸುತ್ತದೆ. ದಿನಕ್ಕೆ ಎರಡು-ಮೂರು ಸಲ ಹಾಕುವವರಿಗೆ ಅಷ್ಟು ತೊಂದರೆಯಿಲ್ಲ. ನಾಲ್ಕಕ್ಕಿಂತ ಜಾಸ್ತಿ ಸಲ, ತಿಂಗಳುಗಟ್ಟಲೆ ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಬೇಕು. ಗ್ಲಾಕೋಮಾಕ್ಕೆ ಬೇರೆ ಡ್ರಾಪ್ಸ್ ಹಾಕುತ್ತಿರುವವರಿಗೆ ಅದರಲ್ಲೂ ಇದೇ ರಾಸಾಯನಿಕ ಇರಬಹುದು, ಎರಡೂ ಸೇರಿ ಕಣ್ಣು ಉರಿಯುತ್ತದೆ. ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್, ಸೋಡಿಯಂ ಪರ್ಬೋರೇಟ್ ಅಂತ ಬರೆದಿದ್ದರೆ ಅವು ಮೆದು.

ಪ್ರಿಸರ್ವೇಟಿವ್ ಇಲ್ಲ ಅಂದ ಕೂಡಲೇ ಕಣ್ಣುಮುಚ್ಚಿ ತೆಗೆದುಕೊಳ್ಳುವ ಹಾಗೂ ಇಲ್ಲ. 2023ರಲ್ಲಿ ನಡೆದದ್ದು ನೆನಪಿದೆಯಾ? ಅಮೆರಿಕದಲ್ಲಿ ಎಜ್ರಿಕೇರ್ ಅನ್ನುವ ಹೆಸರಿನ ಕೃತಕ ಕಣ್ಣೀರು ಮಾರಾಟವಾಗುತ್ತಿತ್ತು. ತಯಾರಾಗುತ್ತಿದ್ದದ್ದು ತಮಿಳುನಾಡಿನ ಒಂದು ಕಂಪನಿಯಲ್ಲಿ. ಸ್ಯೂಡೋಮೊನಾಸ್ ಅನ್ನುವ, ಹೆಚ್ಚಿನ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಸೋಂಕು ಅದರ ಸುತ್ತ ಹಬ್ಬಿತು. ಆ ವರ್ಷ ಮೇ ತಿಂಗಳ ಹೊತ್ತಿಗೆ 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತ್ತು. 14 ಜನರ ದೃಷ್ಟಿ ಹೋಯಿತು, 4 ಜನರ ಕಣ್ಣುಗುಡ್ಡೆ ತೆಗೆಯಬೇಕಾಯಿತು, 4 ಜನ ತೀರಿಕೊಂಡರು. ಕಣ್ಣಿಗೆ ತಂಪಾಗಲಿ ಅಂತ ಹಾಕಿಕೊಂಡ ಹನಿಯಿಂದ! ಎಫ್‌ಡಿಎ ಹೇಳಿದ ದೋಷಗಳಲ್ಲಿ ಒಂದನ್ನು ಗಮನಿಸಿ: ಹಲವು ಸಲ ಬಳಸುವ ಬಾಟಲಿಯಲ್ಲಿ ಸಾಕಷ್ಟು ಪ್ರಿಸರ್ವೇಟಿವ್ ಇಲ್ಲದೆ ತುಂಬಿದ್ದರು.

ಆದ್ದರಿಂದ ಪ್ರಿಸರ್ವೇಟಿವ್ ಇಲ್ಲದ್ದು ಬೇಕಾದರೆ ಒಂದು ಸಲಕ್ಕೆ ಮುಗಿಯುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು ಬರುತ್ತವೆ, ತುದಿ ಮುರಿದು ಹಾಕುವಂಥವು. ಇಲ್ಲವೇ ರೋಗಾಣು ಒಳಗೆ ಹೋಗದ ಹಾಗೆ ವಾಲ್ವ್ ಇರುವ ಬಾಟಲಿ. ಪುಟ್ಟ ಕೊಳವೆಯಲ್ಲಿ ಉಳಿದದ್ದನ್ನು "ಅಯ್ಯೋ ದುಡ್ಡು ಕೊಟ್ಟಿದ್ದು" ಅಂತ ನಾಳೆಗೆ ಎತ್ತಿಡುವವರಿದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ. ಅದೇ ಕಷ್ಟ.

ಇನ್ನು ಮೂರನೇ ಬಗೆ. ಇದರ ಬಗ್ಗೆ ನಗುವಂಥದ್ದು ಏನೂ ಇಲ್ಲ. ಸ್ಟೀರಾಯ್ಡ್.

ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥಲೋನ್. ಕೊನೆಗೆ 'ಸೋನ್' ಅಥವಾ 'ಲೋನ್', ಇಲ್ಲವೇ ಎಲ್ಲೋ ನಡುವೆ 'ಪ್ರೆಡ್'. ಕಣ್ಣಿನ ಡಾಕ್ಟರು ಅಳೆದು ತೂಗಿ ಕೊಟ್ಟಾಗ ಇದು ಅಮೃತ. ಪೊರೆ ಆಪರೇಷನ್ ಆದ ಮೇಲೆ ಕೊಡುತ್ತಾರೆ, ವಾರಕ್ಕಿಷ್ಟು ಅಂತ ಇಳಿಸುತ್ತಾ ನಿಲ್ಲಿಸುತ್ತಾರೆ. ತೊಂದರೆ ಶುರುವಾಗುವುದು ಉಳಿದ ಅರ್ಧ ಬಾಟಲಿಯಿಂದ. ಅತ್ತೆಗೆ ಬರೆದುಕೊಟ್ಟದ್ದನ್ನು ಸೊಸೆ ಹಾಕಿಕೊಳ್ಳುತ್ತಾಳೆ. ಕೆಂಪು ಇಳಿಯುತ್ತದೆ, ಉರಿ ಇಳಿಯುತ್ತದೆ, ಎಲ್ಲ ಸುಖ. ಒಳಗೆ ಕಣ್ಣಿನ ಒತ್ತಡ ಏರುತ್ತಿರುತ್ತದೆ. ಎಲ್ಲರಿಗೂ ಏರುವುದಿಲ್ಲ, ಸುಮಾರು ಮೂವರಲ್ಲಿ ಒಬ್ಬರಿಗೆ ಏರುತ್ತದೆ. ನೋವಿಲ್ಲ, ಸದ್ದಿಲ್ಲ. ನೋಟ ಅಂಚಿನಿಂದ ಕಿರಿದಾಗುತ್ತಾ ಬರುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ಹಾಕಿದರೆ ಚಿಕ್ಕ ವಯಸ್ಸಿಗೇ ಪೊರೆಯೂ ಬರುತ್ತದೆ.

ಬೇಸಿಗೆ ಬಂತೆಂದರೆ ಕೆಲವು ಮಕ್ಕಳು, ಅದರಲ್ಲೂ ಗಂಡುಹುಡುಗರು, ಕಣ್ಣು ಉಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುತ್ತಾರೆ. ಅದು ಒಂದು ಬಗೆಯ ಅಲರ್ಜಿ, ವರ್ಷವೂ ಮರಳುತ್ತದೆ. ಹೋದ ವರ್ಷದ ಚೀಟಿ ಹಿಡಿದು ಅಪ್ಪ ಬರುತ್ತಾರೆ. "ಇದೇ ಕೊಡಿ, ಇದು ಹಾಕಿದರೆ ಎರಡೇ ದಿನಕ್ಕೆ ಸರಿಹೋಗುತ್ತೆ." ಚೀಟಿಯಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾನು ಕೊಡುವುದಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಡಬ್ಬದ ಮೇಲೆ ಶೆಡ್ಯೂಲ್ ಎಚ್ ಅಂತ ಬರೆದಿರುತ್ತದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ. ಆ ನಿಯಮ ನಮ್ಮ ಬೀದಿಗಳಲ್ಲಿ ಎಷ್ಟು ನಡೆಯುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಹುಡುಗರಲ್ಲಿ ಕೆಲವರು ಹೈಸ್ಕೂಲ್ ಮುಗಿಸುವ ಮೊದಲೇ ಗ್ಲಾಕೋಮಾ ಆಸ್ಪತ್ರೆ ಸೇರುತ್ತಾರೆ.

ಇನ್ನೊಂದು ನಮ್ಮ ಭತ್ತದ ಸೀಮೆಯದ್ದು. ಕೊಯ್ಲು, ಒಕ್ಕಣೆ ಸಮಯದಲ್ಲಿ ಭತ್ತದ ಗರಿಯೋ ಹೊಟ್ಟೋ ಕಣ್ಣಿಗೆ ಬಡಿಯುತ್ತದೆ. ಗೀರಿದ ಜಾಗದಲ್ಲಿ ಫಂಗಸ್ ಬೇರೂರುತ್ತದೆ. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಗೊಬ್ಬರ ಹಾಕಿದ ಹಾಗೆ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಬೇಡಿ. ಸೀದಾ ಕಣ್ಣಿನ ಆಸ್ಪತ್ರೆ ಬಸ್ಸು ಹತ್ತಿ.

ಮದ್ರಾಸ್ ಐ ಬಗ್ಗೆ ಎರಡೇ ಮಾತು. 2023ರ ಮಳೆಗಾಲದಲ್ಲಿ ನಮ್ಮಲ್ಲೆಲ್ಲ ಹಬ್ಬಿತ್ತಲ್ಲ, ಅಂಗಡಿ ಮುಂದೆ ಕಪ್ಪು ಕನ್ನಡಕದ ಸಾಲು. ಹೆಚ್ಚಾಗಿ ಅದು ವೈರಸ್‌ನಿಂದ ಬರುತ್ತದೆ, ಆಂಟಿಬಯೋಟಿಕ್ ಹನಿಗೆ ಅಲ್ಲಿ ಕೆಲಸವಿಲ್ಲ. ಕೈ ತೊಳೆಯುವುದು, ಟವೆಲ್ ಬೇರೆ ಇಡುವುದು, ತಣ್ಣನೆ ಬಟ್ಟೆ, ಕೃತಕ ಕಣ್ಣೀರು. ಒಂದೆರಡು ವಾರದಲ್ಲಿ ಹೋಗುತ್ತದೆ. ಮನೆಮಂದಿಗೆಲ್ಲ ಒಂದೇ ಬಾಟಲಿ ಮಾತ್ರ ಬೇಡ.

ಮನೆಮದ್ದು ಕೇಳೇ ಕೇಳುತ್ತೀರಿ ಅಂತ ಗೊತ್ತಿತ್ತು. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆ ಮೇಲೆ ಇಟ್ಟುಕೊಳ್ಳಿ, ತಂಪಾಗಿರುತ್ತದೆ, ನನ್ನ ಅಜ್ಜಿ ಇಡುತ್ತಿದ್ದರು. ಹಿಂಡಿ ರಸವನ್ನು ಒಳಗೆ ಬಿಡಬೇಡಿ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ರೋಸ್ ವಾಟರ್ ಯಾವುದೂ ಬೇಡ. ಕಣ್ಣಿಗೆ ಹಾಕುವುದು ರೋಗಾಣು ಇಲ್ಲದ್ದಾಗಿರಬೇಕು, ಅಡುಗೆಮನೆಯಲ್ಲಿ ಅಂಥದ್ದು ಏನೂ ಇಲ್ಲ. ರೆಪ್ಪೆಯ ಎಣ್ಣೆ ಗ್ರಂಥಿ ಕಟ್ಟಿದವರಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಐದು-ಹತ್ತು ನಿಮಿಷ ಕೊಡಿ, ಆಮೇಲೆ ರೆಪ್ಪೆ ಅಂಚನ್ನು ಹಗುರವಾಗಿ ಒತ್ತಿ. ಇದಕ್ಕೆ ದುಡ್ಡಿಲ್ಲ. ಬಹಳ ಜನಕ್ಕೆ ಡ್ರಾಪ್ಸ್‌ನಷ್ಟೇ ಉಪಯೋಗ.

ಹನಿ ಹಾಕುವ ಕ್ರಮವನ್ನು ಸಭೆಯಲ್ಲೇ ತೋರಿಸಿದೆ, ಬರಹದಲ್ಲಿ ಕಷ್ಟ. ಕೈ ತೊಳೆದು, ಕೆಳರೆಪ್ಪೆ ಜಗ್ಗಿದರೆ ಒಂದು ಜೇಬಾಗುತ್ತದೆ. ಆ ಜೇಬಿಗೆ ಒಂದೇ ಹನಿ. ಕಣ್ಣು ಹಿಡಿಯುವುದೇ ಒಂದು ಹನಿಗಿಂತ ಕಡಿಮೆ. ಎರಡು ಹಾಕಿದರೆ ಒಂದು ಕೆನ್ನೆಗೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ, ಇಲ್ಲದಿದ್ದರೆ ಔಷಧಿ ಗಂಟಲಿಗೆ ಇಳಿದು ಕಹಿಯಾಗುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಶುರುವಾದವು.

ಒಬ್ಬ ಅಮ್ಮ ಕೇಳಿದರು, "ಬಿಳಿಭಾಗದಲ್ಲಿ ರಕ್ತ ಚೆಲ್ಲಿದ ಹಾಗೆ ಕೆಂಪಾಗಿದೆ, ನೋವಿಲ್ಲ, ನೋಟ ಸರಿಯಾಗಿದೆ. ಯಾವ ಡ್ರಾಪ್ಸ್?" ಯಾವುದೂ ಬೇಡಮ್ಮ ಅಂದೆ. ಕೆಮ್ಮಿದಾಗ, ಭಾರ ಎತ್ತಿದಾಗ ಸಣ್ಣ ನಾಳ ಒಡೆದಿರುತ್ತದೆ. ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಬಿಪಿ ನೋಡಿಸಿ, ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ.

"ಹಾಗಾದರೆ ಯಾವ ಕೆಂಪಿಗೆ ಹೆದರಬೇಕು?" ಅಂದರು ಪಕ್ಕದವರು. ನೋವಿರುವ ಕೆಂಪು. ನೋಟ ಮಂಜಾದ ಕೆಂಪು. ಬೆಳಕು ನೋಡಲು ಆಗದ ಕೆಂಪು. ತಲೆನೋವು, ವಾಂತಿ ಬಂದು ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾದ ಕೆಂಪು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕೆಂಪೂ ಹಾಗೇ. ಎಲೆಅಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಹಾರಿದರೆ ಯಾವ ಡ್ರಾಪ್ಸೂ ಹುಡುಕಬೇಡಿ. ಅಲ್ಲೇ ನಲ್ಲಿ ಕೆಳಗೆ ಹಿಡಿದು ಕಡಿಮೆ ಅಂದರೂ ಅರ್ಧ ಗಂಟೆ ನೀರು ಬಿಡಿ, ಆಮೇಲೆ ಓಡಿ.

ಸಭೆ ಮುಗಿದು ಏಳುವಾಗ ಹಿಂದಿನ ಸಾಲಿನ ಯಜಮಾನರೊಬ್ಬರು ಜೇಬಿನಿಂದ ಬಾಟಲಿ ತೆಗೆದು ಕೊಟ್ಟರು. "ಇದರಲ್ಲಿ ಏನಿದೆ ನೋಡ್ರಿ, ಅಕ್ಷರ ಕಾಣಲ್ಲ." ನನಗೂ ಕಾಣಲಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. ನಾಫಜೋಲಿನ್. ಎಕ್ಸ್‌ಪೈರಿ ಇನ್ನೂ ಮೂರು ತಿಂಗಳಿತ್ತು.

"ಯಾವಾಗ ತೆರೆದಿರಿ?"

"ಹೋದ ದೀಪಾವಳಿಗೆ."

ಡಬ್ಬದ ಮೇಲಿನ ತಾರೀಕು ತೆರೆಯದ ಬಾಟಲಿಯದ್ದು, ತೆರೆದ ಮೇಲೆ ಒಂದು ತಿಂಗಳಿಗೆ ಎಸೆಯಬೇಕು, ತೆರೆದ ದಿನವೇ ಪೆನ್ನಿನಲ್ಲಿ ತಾರೀಕು ಬರೆದಿಡಬೇಕು ಅಂತ ಹೇಳಿದೆ. ಮಾತಾಡುವಾಗ ಮರೆತೇ ಹೋಗಿದ್ದ ವಿಷಯ ಇದು.

"ಇದನ್ನು ಎಲ್ಲಿ ತಗೊಂಡ್ರಿ?" ಅಂತ ಕೇಳಿದೆ.

"ನಿಮ್ಮ ಅಂಗಡೀಲೇ" ಅಂದರು.

ನಾನು ಊಟಕ್ಕೆ ಹೋದಾಗ ಅಂಗಡಿ ಹುಡುಗ ಕೊಟ್ಟಿರಬೇಕು. ಮಾರನೆಯ ದಿನ ಬೆಳಗ್ಗೆ ಆ ಸಾಲಿನ ಬಾಟಲಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೂ ಅವನ ಕೈಯಲ್ಲೇ ಓದಿಸಿದೆ.